ಹೆಬ್ಬೆಟ್ಟು ಮಾತ್ರ ನನ್ನದು

ವಾಲ್ಪರೈಸೊ ಊರಿನ ನೋಟರಿ ಕಚೇರಿಯಲ್ಲಿ
ನನ್ನ ಚೀಟಿ ಎಂಬತ್ತೇಳು, ಕರೆಯುತ್ತಿದ್ದದ್ದು ಐವತ್ತೆರಡು.
ಮಡಿಲಲ್ಲಿ ಹಳದಿ ಕಡತ, ಅದರೊಳಗೆ
ಎವಾರಿಸ್ತೊ ಕಳಿಸಿದ ಮುಖ್ತ್ಯಾರು ಪತ್ರ.
ಪನಾಮಾದ ದೂತಾವಾಸದ ಮೊಹರು,
ಮೂಲೆಯಲ್ಲೊಂದು ಎಣ್ಣೆಯ ಕಲೆ. ಹಡಗಿನ ಅಡುಗೆಯವನು
ಮುಟ್ಟಿದರೆ ಕಾಗದಕ್ಕೂ ಒಗ್ಗರಣೆ.

ಅದರಲ್ಲಿ ಬರೆದಿತ್ತು: ನನ್ನ ತಂಗಿ ಎಡೆಲ್ಮಿರಾ
ನನ್ನ ಪರವಾಗಿ ಮನೆ ನೋಡಬಹುದು, ಬಾಡಿಗೆ ಕುದುರಿಸಬಹುದು,
ಮುಂಗಡ ಕೊಡಬಹುದು, ರುಜು ಹಾಕಬಹುದು.
ಪರವಾಗಿ.
ಪರ ಎಂದರೆ ಬೇರೆಯವರು ಅಂತಲೂ ಹೌದು,
ಬೆನ್ನಿಗೆ ನಿಂತವರು ಅಂತಲೂ ಹೌದು.
ಎರಡೂ ಆಗಿ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದೆ.

ಮನೆ ನೋಡಿದ್ದು ಮಂಗಳವಾರ.
ಗುಡ್ಡದ ಮೇಲೆ, ನೂರಾ ಹದಿನಾಲ್ಕು ಮೆಟ್ಟಿಲು,
ತಗಡಿನ ಗೋಡೆಗೆ ಸಾಸಿವೆ ಬಣ್ಣ.
ಅವನ ಕಣ್ಣಿಂದ ನೋಡಬೇಕು ಅಂದುಕೊಂಡೇ ಹೋದೆ,
ಕಂಡದ್ದೆಲ್ಲ ನನ್ನ ಕಣ್ಣಿಗೇ.
ನಲ್ಲಿ ತಿರುಗಿಸಿದೆ: ಕೆಮ್ಮು, ಕೆಮ್ಮು, ಆಮೇಲೆ ನೀರು.
ಒಲೆಯ ನಾಲ್ಕು ಉರಿಯಲ್ಲಿ ಒಂದು ಸತ್ತಿತ್ತು,
ಅದರ ಹೆಸರಲ್ಲಿ ಹತ್ತು ಸಾವಿರ ಪೆಸೊ ಇಳಿಸಿದೆ.
"ನಿಮ್ಮಣ್ಣ ಅಡುಗೆ ಮಾಡುತ್ತಾನಾ?" ಅಂದಳು ಮನೆಯೊಡತಿ.
"ಇಪ್ಪತ್ತಾರು ಜನಕ್ಕೆ" ಅಂದೆ. ನಂಬಲಿಲ್ಲ.
ಅಡುಗೆಮನೆ ಕಿಟಕಿಯ ತುಂಬ ಬಂದರು,
ಲಂಗರು ಹಾಕಿದ ಹಡಗುಗಳು ಬೆನ್ನು ತೋರಿಸಿ ನಿಂತಿದ್ದವು.
ಬೇಡವೇನೊ ಇದು, ಇಷ್ಟು ವರ್ಷ ಅದೇ ಆಯಿತಲ್ಲ, ಅನ್ನಿಸಿತು.
ಹಾಗೇ, ಹಡಗಿನಿಂದ ಊರು ನೋಡುವುದು ಬೇರೆ,
ಊರಿನಿಂದ ಹಡಗು ನೋಡುವುದು ಬೇರೆ ಅಂತಲೂ.

ಗಣಿತದಲ್ಲಿ ನನಗೆ ಏಳಕ್ಕೆ ಮೂರು ಬಂದ ವರ್ಷ
ಅಪ್ಪನ ರುಜು ಹಾಕಿಕೊಟ್ಟವನು ಇವನೇ.
ಊಟದ ಮೇಜಿನ ಕೆಳಗೆ, ನಾಲಿಗೆ ಕಚ್ಚಿಕೊಂಡು,
ಅಪ್ಪನ ಹೆಸರಿನ ಬಾಲವನ್ನು ಸೊಟ್ಟಗೆ ಎಳೆದ.
ಎಷ್ಟು ಚೆನ್ನಾಗಿತ್ತೆಂದರೆ
ಆಮೇಲೆ ಅಪ್ಪ ಹಾಕಿದ್ದೇ ಖೋಟಾ ಅನ್ನಿಸುತ್ತಿತ್ತು.
ರುಜು ಎಂಬ ಮಾತಿಗೆ ನೇರ ಅಂತ ಅರ್ಥವಂತೆ.
ನಮ್ಮ ಮನೆಯಲ್ಲಿ ಪ್ರೀತಿ
ಸೊಟ್ಟಗೆ ಬರೆದೇ ಪಾಸಾಗಿದ್ದು.

ಎಂಬತ್ತೇಳು!
ಗುಮಾಸ್ತ ಹುಡುಗ ಒಂಬತ್ತು ಪುಟ ಸರಿಸಿದ.
ಪುಟ ಪುಟಕ್ಕೂ ಅವನ ಹೆಸರು, ನನ್ನ ಕೈ.
ಗೋಡೆಗೆ ಮೊಳೆ ಹೊಡೆಯುವಂತಿಲ್ಲ.
ನಾಯಿ ಸಾಕುವಂತಿಲ್ಲ.
ಹನ್ನೊಂದನೇ ಕಲಮು: ವಾಸಿಸುವವರ ಸಂಖ್ಯೆ,
ಮುಂದೆ ಒಂದು ಖಾಲಿ ಗೆರೆ.

ಮುಖ್ತ್ಯಾರು ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.
ಒಂದು ಅಂತ ಬರೆದರೆ ಮುಗಿಯುತ್ತಿತ್ತು.
ಹೆಂಡತಿ ಬಿಟ್ಟು ಎರಡು ವರ್ಷ,
ಮಗಳು ರಾಯೆನ್ ಅವಳ ಜೊತೆ ಕಿಯೋತಾದಲ್ಲಿ.
ವಿಳಾಸವಿಲ್ಲದ ತಂದೆಗೆ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ ಅಂದರಂತೆ.
ಫೋನಿನಲ್ಲಿ ಅಷ್ಟು ಹೇಳಿ, ತಡಮಾಡದೆ,
ಅಲ್ಲಿ ಈರುಳ್ಳಿ ಎಷ್ಟು ಅಂತ ಕೇಳಿದ್ದ.

ಎರಡು ಅಂತ ಬರೆದೆ.
ಅಂಕೆಯಲ್ಲೂ, ಅಕ್ಷರದಲ್ಲೂ.

ಗುಮಾಸ್ತ ತಲೆ ಎತ್ತಲಿಲ್ಲ. ಮಸಿಯ ಡಬ್ಬಿ ತಳ್ಳಿ
"ಬಲ ಹೆಬ್ಬೆರಳು" ಅಂದ.
ಈ ಊರಲ್ಲಿ ಓದಿದವರೂ ಒತ್ತಬೇಕು.
ಹೆಸರನ್ನು ಕಡ ಕೊಡಬಹುದು, ಕಡ ತರಬಹುದು,
ಬೆರಳಿನ ಸುಳಿಗೆ ಮುಖ್ತ್ಯಾರು ನಡೆಯುವುದಿಲ್ಲ.
ಅವನ ಮನೆಯ ಬುಡದಲ್ಲಿ
ನನ್ನದೊಂದು ಪುಟ್ಟ ನೀಲಿ ಗುಡ್ಡ,
ಸುತ್ತಿ ಸುತ್ತಿ ಏರುವ ಮೆಟ್ಟಿಲು.

ರಾತ್ರಿ ಫೋನು. ಹಿಂದೆ ಇಂಜಿನ್ನಿನ ಗೊರಗೊರ.
"ಒಲೆ?" ಅಂತ ಕೇಳಿದ, ಎಲ್ಲಕ್ಕಿಂತ ಮೊದಲು.
"ಮೂರು ಉರಿ."
"ಸಾಕು."
ಎಷ್ಟು ಜನಕ್ಕೆ ಅಂತ ಅವನು ಹೇಳಲಿಲ್ಲ,
ನಾನು ಕೇಳಲಿಲ್ಲ, ಅಷ್ಟರಲ್ಲಿ ಸಂಪರ್ಕ ಕಡಿಯಿತು.

ಬ್ರೆಡ್ಡಿಗೆ ಅಂತ ಬೆಣ್ಣೆಹಣ್ಣು ಸುಲಿದೆ.
ಎರಡು ಸಲ ಸೋಪು ಹಾಕಿ ತಿಕ್ಕಿದ್ದರೂ
ಹೆಬ್ಬೆಟ್ಟಿನ ನೀಲಿ ಹಸಿರಿಗೆ ಅಂಟಿತು.
ಆ ಹೋಳನ್ನು ಬೇರೆ ಯಾರಿಗೂ ಕೊಡದೆ
ನಾನೇ ತಿಂದೆ.